ಬಂಗಾರದ ಹೊತ್ತಿಗೆ: ಕಟ್ಟಿದವರು, ಬಿಚ್ಚಿದವರು



ನಾನು ನಲವತ್ತು ವರ್ಷ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡಿದವನು. ಓದಿದ್ದು ಮ್ಯಾಟ್ರಿಕ್ ವರೆಗೆ. ಪಂಡಿತನಲ್ಲ. ಆದರೆ ಆಯುಷ್ಯವೆಲ್ಲ ವಹಿಗಳ ನಡುವೆ ಕಳೆದವನಾದ್ದರಿಂದ ಬರಹ, ಕಾಗದ, ಶಾಯಿ ಎಂದರೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ. ಈ ಹೊತ್ತು ನಿಮ್ಮ ಮುಂದೆ ಪಾರಸಿ ದೇಶದ, ಅಂದರೆ ಇರಾಣದ, ಬಂಗಾರದ ಪುಸ್ತಕಗಳ ವಿಷಯ ಹೇಳಬೇಕೆಂದಿದ್ದೇನೆ.

ಎಲ್ಲಿಯ ಇರಾಣ, ಎಲ್ಲಿಯ ಅಕ್ಕಲಕೋಟೆ ಎಂದು ನೀವು ಕೇಳಬಹುದು. ಸ್ವಲ್ಪ ವಿಚಾರ ಮಾಡಿರಿ. ಬ್ಯಾಂಕಿನೊಳಗೆ ಕಾಲಿಟ್ಟರೆ ಜಮಾ, ಖರ್ಚು, ಬಾಕಿ. ತಹಸೀಲ ಕಚೇರಿಗೆ ಹೋದರೆ ದಫ್ತರ, ನಕಲು, ದಸ್ತಾವೇಜು. ಸಾಲೆಯ ಹುಡುಗನ ಕೈಯಲ್ಲಿ ಕಾಗದ, ಶಾಯಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಇವೇ ಶಬ್ದ, ಸಂತೆಯಲ್ಲಿ ಮರಾಠಿ ಮಾತಾಡಿದರೂ ಇವೇ ಶಬ್ದ. ಇವೆಲ್ಲ ಪಾರಸಿಯಿಂದ ನಮ್ಮ ಕಡೆ ಬಂದವು. ಕೆಲವು ಅರಬಿಯಲ್ಲಿ ಹುಟ್ಟಿ ಪಾರಸಿಯ ಬಾಯಿಂದ ಬಂದವು. ಬರೆಯುವ ಕೆಲಸಕ್ಕೆ ಇಷ್ಟೊಂದು ಶಬ್ದ ಕೊಟ್ಟ ಜನ ಬರವಣಿಗೆಯನ್ನು ಯಾವ ಮಟ್ಟಕ್ಕೆ ಒಯ್ದಿದ್ದರು ಎಂದು ತಿಳಿದುಕೊಳ್ಳುವುದು ತಪ್ಪಲ್ಲ.

ನನಗೆ ಈ ಹುಚ್ಚು ಹಿಡಿದದ್ದು 1986ರಲ್ಲಿ. ಆಗ ನನಗೆ ಬೀದರಿಗೆ ಬದಲಿ ಆಗಿತ್ತು. ಒಂದು ರವಿವಾರ ಸೈಕಲ್ಲು ತೆಗೆದುಕೊಂಡು ಊರ ಹೊರಗಿನ ಅಷ್ಟೂರಿಗೆ ಹೋದೆ. ಅಲ್ಲಿ ಬಹಮನಿ ಅರಸರ ಗುಮ್ಮಟಗಳ ಸಾಲು ಇದೆ. 1436ರಲ್ಲಿ ತೀರಿಹೋದ ಅಹಮದ ಶಹಾ ವಲಿಯ ಗುಮ್ಮಟದೊಳಗೆ ಹೋದರೆ ಬರೀ ಕತ್ತಲೆ. ಅಲ್ಲಿಯ ಮುದುಕರೊಬ್ಬರು ಒಂದು ಕನ್ನಡಿ ತಂದು ಬಾಗಿಲ ಬಿಸಿಲನ್ನು ಹಿಡಿದು ಮೇಲೆ ಬಿಟ್ಟರು. ಕತ್ತಲೆಯಲ್ಲಿ ನೀಲಿ, ಕೆಂಪು, ನಡುವೆ ಬಂಗಾರದ ಬಳ್ಳಿಗಳು ಒಮ್ಮೆಲೇ ಎದ್ದು ಬಂದವು. “ಬಳ್ಳಿ ಅಂತ ತಿಳೀಬ್ಯಾಡ್ರಿ ಸಾಹೇಬರ, ಛಲೋ ನೋಡ್ರಿ, ಅದು ಅಕ್ಷರ ಅದ” ಎಂದರು ಅವರು. ಆ ಬಣ್ಣದ ಕೆಲಸ ಮಾಡಿದವನು ಅಲ್ಲಿ ತನ್ನ ಹೆಸರನ್ನೂ ಬರೆದಿದ್ದಾನೆ: ಶುಕ್ರುಲ್ಲಾ ಕಜ್ವೀನಿ. ಕಜ್ವೀನ್ ಎಂಬುದು ಇರಾಣದ ಒಂದು ಊರು. ಅಲ್ಲಿಂದ ಬಂದ ಒಬ್ಬ ಕೆಲಸಗಾರ ಬೀದರಿನ ಗೋಡೆಯನ್ನು ಪುಸ್ತಕದ ಪುಟದಂತೆ ತುಂಬಿಸಿದ್ದ. ಹಾಗಾದರೆ ಪುಸ್ತಕದ ಪುಟ ಹೇಗಿದ್ದೀತು ಎಂದು ಅಂದು ಹುಟ್ಟಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸಿಕ್ಕಿದ್ದನ್ನು ಓದಿದೆ, ಕಂಡವರನ್ನು ಕೇಳಿದೆ. ಈಗ ಮೊಮ್ಮಗಳು ಮೊಬೈಲಿನಲ್ಲಿ ಆ ಪುಟಗಳನ್ನು ದೊಡ್ಡದು ಮಾಡಿ ತೋರಿಸುತ್ತಾಳೆ.

ಮೊದಲು ಕಾಗದದಿಂದ ಪ್ರಾರಂಭಿಸೋಣ. ಆ ಕಾಲದ ಕಾಗದ ಹಳೆಯ ನಾರುಬಟ್ಟೆಯ ಚಿಂದಿಯನ್ನು ಕೊಳೆಹಾಕಿ ಕುಟ್ಟಿ ಮಾಡಿದ್ದು. ಹಾಗೆಯೇ ಬರೆದರೆ ಶಾಯಿ ಹರಡುತ್ತದೆ. ಅದಕ್ಕಾಗಿ ಹಾಳೆಗೆ ಗಂಜಿ ಇಲ್ಲವೆ ತತ್ತಿಯ ಬಿಳಿ ಲೋಳೆ ಸವರಿ ಒಣಗಿಸುತ್ತಿದ್ದರು. ಆಮೇಲೆ ಹಲಗೆಯ ಮೇಲಿಟ್ಟು ಅಕೀಕಿನಂಥ ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಧೋತರದಂತೆ ಹಾಳೆ ಹೊಳೆಯಬೇಕು. ಲೆಕ್ಕಣಿಕೆ ಎಲ್ಲಿಯೂ ತಡವರಿಸದೆ ಜಾರಬೇಕು.

ಗೆರೆ ಹೇಗೆ ಹಾಕುತ್ತಿದ್ದರು ಗೊತ್ತೇ? ಪೆನ್ಸಿಲ್ಲಿನಿಂದ ಅಲ್ಲ. ಒಂದು ದಪ್ಪ ರಟ್ಟಿಗೆ ಎರಡೂ ಬದಿಗೆ ಸಮ ಅಂತರದಲ್ಲಿ ತೂತು ಮಾಡಿ ದಾರ ಬಿಗಿದು ಕಟ್ಟುತ್ತಿದ್ದರು. ಅದಕ್ಕೆ ಮಿಸ್ತರ್ ಎಂದು ಹೆಸರು. ಅದರ ಮೇಲೆ ಹಾಳೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದರೆ ದಾರದ ಗುರುತು ಹಾಳೆಯಲ್ಲಿ ಮೂಡುತ್ತದೆ. ಬರೆಯುವವನ ಕಣ್ಣಿಗೆ ಅದು ಕಾಣುತ್ತದೆ, ಓದುವವನಿಗೆ ಕಾಣುವುದಿಲ್ಲ. ಒಂದೇ ಮಿಸ್ತರಿನಿಂದ ಪುಸ್ತಕವೆಲ್ಲ ಒಂದೇ ಅಳತೆಗೆ ಬರುತ್ತದೆ.

ಬರೆಯುವ ಸಾಧನ ಬೋರು. ನಮ್ಮ ಕಡೆಯ ಹಿರಿಯರಿಗೆ ಬೋರು ಗೊತ್ತು. ಜೊಂಡಿನ ಕಡ್ಡಿಯನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿ ಮೊನೆ ಸೀಳಿದರೆ ಅದೇ ಕಲಮು. ಮೊನೆ ಓರೆಯಾಗಿರುವುದರಿಂದಲೇ ಒಂದು ಎಳೆತದಲ್ಲಿ ದಪ್ಪ, ಇನ್ನೊಂದರಲ್ಲಿ ಸಪೂರ ಬರುತ್ತದೆ. ಶಾಯಿಗೆ ದೀಪದ ಕಾಡಿಗೆ ಹಾಗೂ ಜಾಲಿ ಜಾತಿಯ ಗಿಡದ ಅಂಟು. ಕೆಲವರು ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸುತ್ತಿದ್ದರು. ನೋಡಿರಿ, ಸಾಮಾನೆಲ್ಲ ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವಂಥವೇ. ದೊಡ್ಡದಾಗಿದ್ದು ಕೈಯ ಅಭ್ಯಾಸ.

ಆ ಅಭ್ಯಾಸಕ್ಕೆ ಒಂದು ಲೆಕ್ಕವಿತ್ತು. ಕಲಮನ್ನು ಕಾಗದದ ಮೇಲೆ ಒಮ್ಮೆ ಒತ್ತಿದರೆ ಸಣ್ಣ ಶಂಕರಪೋಳಿಯ ಆಕಾರದ ಚುಕ್ಕೆ ಬೀಳುತ್ತದೆ. ಅದೇ ಅಳತೆಗೋಲು. ಯಾವ ಅಕ್ಷರ ಎಷ್ಟು ಚುಕ್ಕೆ ಎತ್ತರ, ಎಷ್ಟು ಚುಕ್ಕೆ ಅಗಲ ಎಂದು ಗೊತ್ತುಮಾಡಿದ್ದರು. ಈ ರೀತಿ ಅಕ್ಷರಕ್ಕೆ ಅಳತೆ ಕಟ್ಟಿದ ಕೀರ್ತಿ ಬಗದಾದಿನಲ್ಲಿ 940ರಲ್ಲಿ ತೀರಿಹೋದ ಇಬ್ನ ಮುಕ್ಲಾ ಎಂಬ ವಜೀರನಿಗೆ ಸಲ್ಲುತ್ತದೆ. ಅವನ ತರುವಾಯ ಅದೇ ಊರಿನ ಯಾಕೂತ್ ಎಂಬವನು ಆರು ಬಗೆಯ ಬರಹಗಳನ್ನು ತಿದ್ದಿ ತೀಡಿದ. 1258ರಲ್ಲಿ ಮಂಗೋಲರು ಬಗದಾದನ್ನು ಸುಲಿಯುವಾಗಲೂ ಯಾಕೂತ ಒಂದು ಮಿನಾರಿನಲ್ಲಿ ಅಡಗಿ ಕುಳಿತು ದಿನದ ಬರವಣಿಗೆ ತಪ್ಪಿಸಲಿಲ್ಲವೆಂದು ಕಥೆ ಹೇಳುತ್ತಾರೆ.

ಪಾರಸಿಯವರದೇ ಆದ ಬರಹ ನಸ್ತಾಲೀಖ್. ಇದು ಹದಿನಾಲ್ಕನೆಯ ಶತಮಾನದಲ್ಲಿ ರೂಪುಗೊಂಡಿತು. ಮೀರ್ ಅಲಿ ತಬ್ರೀಜಿ ಎಂಬವನನ್ನು ಇದರ ಜನಕನೆಂದು ಗೌರವಿಸುತ್ತಾರೆ. ಹಾರುವ ಬಾತುಕೋಳಿಗಳ ರೆಕ್ಕೆಗಳನ್ನು ಕನಸಿನಲ್ಲಿ ಕಂಡು ಆ ಬಾಗುವಿಕೆಯನ್ನು ಅಕ್ಷರಕ್ಕೆ ತಂದನೆಂಬುದು ಪ್ರತೀತಿ. ಕನಸು ಇರಲಿ ಬಿಡಲಿ, ಅವನ ಕೈಯ ಪುಸ್ತಕ ಮಾತ್ರ ನಿಜ: 1396ರಲ್ಲಿ ಬಗದಾದಿನಲ್ಲಿ ಬರೆದ ಖ್ವಾಜೂ ಕಿರ್ಮಾನಿಯ ಕಾವ್ಯಗಳ ಪ್ರತಿ ಈಗ ಲಂಡನ್ನಿನಲ್ಲಿ ಇದೆ. ಈ ಬರಹದಲ್ಲಿ ಶಬ್ದಗಳು ಬಲಮೇಲಿನಿಂದ ಎಡಕೆಳಗೆ ಮೆಲ್ಲನೆ ಇಳಿಯುತ್ತವೆ. ಗುಡ್ಡದ ಇಳಿಜಾರಿನಲ್ಲಿ ನೀರು ಹರಿದಂತೆ. ನಮ್ಮ ಕನ್ನಡದ ಅಕ್ಷರ ಒಂದೊಂದೂ ತನ್ನಷ್ಟಕ್ಕೆ ದುಂಡಗೆ ಕೂಡ್ರುತ್ತದೆ. ಅಲ್ಲಿ ಅಕ್ಷರ ಕೈ ಕೈ ಹಿಡಿದು ಸಾಗುತ್ತದೆ. ಎರಡೂ ಚೆಂದವೇ.

ಬರೆಯುವವನಿಗೆ ಇದ್ದ ಮಾನ ಚಿತ್ರಗಾರನಿಗೂ ಇರಲಿಲ್ಲ. ಹಾಗೆಂದು ಅದು ಸುಖದ ಜೀವನವೂ ಆಗಿರಲಿಲ್ಲ. ನಸ್ತಾಲೀಖಿನಲ್ಲಿ ಸರಿಸಾಟಿಯಿಲ್ಲದವನೆಂದು ಹೆಸರಾದ ಮೀರ್ ಇಮಾದ್ 1615ರಲ್ಲಿ ಇಸ್ಫಹಾನಿನಲ್ಲಿ ಕೊಲೆಯಾದ. ಆಗ ಆಳುತ್ತಿದ್ದವನು ಶಹಾ ಅಬ್ಬಾಸ. ಅದೇ ಅಬ್ಬಾಸನ ಆಸ್ಥಾನದ ಇನ್ನೊಬ್ಬ ಬರಹಗಾರ ಖಲೀಲುಲ್ಲಾ ನಮ್ಮ ವಿಜಾಪುರಕ್ಕೆ ಬಂದ. ಅಲ್ಲಿ ಎರಡನೆಯ ಇಬ್ರಾಹಿಮ ಆದಿಲಶಹಾ ತಾನೇ ರಚಿಸಿದ ಹಾಡುಗಳ ‘ಕಿತಾಬೆ ನವರಸ’ದ ಪ್ರತಿಯನ್ನು ಅವನ ಕೈಯಿಂದ ಬರೆಸಿದ. 1618ರ ಸುಮಾರಿಗೆ ಪುಸ್ತಕ ಮುಗಿಸಿ ತಂದು ಒಪ್ಪಿಸಿದಾಗ ಇಬ್ರಾಹಿಮನು ಅವನಿಗೆ ‘ಕಲಮಿನ ಬಾದಶಹ’ ಎಂಬ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೆಯೇ ಕೂಡ್ರಿಸಿದನೆಂದು ಹೇಳುತ್ತಾರೆ. ವಿಜಾಪುರಕ್ಕೆ ಹೋದಾಗ ಗೋಲಗುಮ್ಮಟದಲ್ಲಿ ಕೂಗಿ ಬರುವಷ್ಟಕ್ಕೇ ನಿಲ್ಲಬೇಡಿರಿ. ಇಬ್ರಾಹಿಮ ರೋಜಾಕ್ಕೂ ಹೋಗಿರಿ. ಅಲ್ಲಿ ಕಿಟಕಿಯ ಕಲ್ಲನ್ನೇ ಅಕ್ಷರಗಳ ಆಕಾರದಲ್ಲಿ ಕೊರೆದಿದ್ದಾರೆ. ಅಕ್ಷರದ ಸಂದಿಯಿಂದ ಬೆಳಕು ಒಳಗೆ ಬರುತ್ತದೆ.

ಮತ್ತೆ ಇರಾಣದ ಕಡೆಗೆ ತಿರುಗೋಣ. ಪುಸ್ತಕ ಒಬ್ಬನ ಕೈಯಿಂದ ಆಗುತ್ತಿರಲಿಲ್ಲ ಎಂಬುದನ್ನು ಮುಖ್ಯವಾಗಿ ತಿಳಿಯಬೇಕು. ಅರಸರು ‘ಕಿತಾಬಖಾನೆ’ ಎಂದು ಒಂದು ಕಾರಖಾನೆಯನ್ನೇ ಇಡುತ್ತಿದ್ದರು. ಈಗ ಅಫಗಾನಿಸ್ತಾನದಲ್ಲಿರುವ ಹೇರಾತ ಪಟ್ಟಣದಲ್ಲಿ ತೈಮೂರನ ಮರಿಮಗನಲ್ಲ, ಮೊಮ್ಮಗ ಬೈಸುಂಗುರ್ ಅಂಥದೊಂದನ್ನು ನಡೆಸಿದ್ದ. ಅದರ ಮುಖ್ಯಸ್ಥ ಜಾಫರ್ ತಬ್ರೀಜಿ. ಈ ಜಾಫರನು ತನ್ನ ಧಣಿಗೆ ಬರೆದ ಒಂದು ಕೆಲಸದ ವರದಿ ಇಸ್ತಾಂಬೂಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದುಕೊಂಡಿದೆ. ನಾವು ಬ್ಯಾಂಕಿನವರು ಹೆಡ್ಡಾಫೀಸಿಗೆ ಕಳಿಸುತ್ತಿದ್ದ ವರದಿಯಂತೆಯೇ ಅದು. ಯಾರು ಯಾವ ಪುಸ್ತಕದ ಎಷ್ಟು ಕೆಲಸ ಮಾಡಿದರು, ಯಾವುದು ಬಾಕಿ ಉಳಿದಿದೆ ಎಂದು ಹೆಸರು ಹೆಸರಾಗಿ ಬರೆದಿದ್ದಾನೆ. ಒಬ್ಬನು ರಟ್ಟು ಕಟ್ಟುವವರಿಗೂ ಡೇರೆ ಮಾಡುವವರಿಗೂ ನಕಾಶೆ ಬರೆದುಕೊಡುತ್ತಿದ್ದಾನೆ. ಶಾಹನಾಮೆಯ ಮೊದಲ ಪುಟದ ಬಂಗಾರದ ಕೆಲಸ ಮಾಡುವವನಿಗೆ ಕೆಲವು ದಿನ ಕಣ್ಣುಬೇನೆ ಆಗಿತ್ತಂತೆ. ಇದನ್ನು ಓದಿದಾಗ ನನಗೆ ಮಾರ್ಚ್ ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುತ್ತ ಕಣ್ಣು ಉಜ್ಜಿಕೊಳ್ಳುತ್ತಿದ್ದ ನನ್ನ ಜೊತೆಗಾರರ ನೆನಪಾಯಿತು. ಆರು ನೂರು ವರ್ಷದ ಹಿಂದಿನ ಮನುಷ್ಯನ ಕಣ್ಣುಬೇನೆ ಇವತ್ತಿನದೇ ಎನಿಸಿತು.

ಶಾಹನಾಮೆ ಎಂದರೆ ಅರಸರ ಪುಸ್ತಕ. ನಮಗೆ ಮಹಾಭಾರತ ಹೇಗೋ ಇರಾಣದವರಿಗೆ ಅದು ಹಾಗೆ. ಕವಿ ಫಿರ್ದೌಸಿ 1010ರಲ್ಲಿ ಅದನ್ನು ಮುಗಿಸಿದ. ಸುಮಾರು 50,000 ದ್ವಿಪದಿಗಳು. ಬೈಸುಂಗುರನಿಗಾಗಿ ಜಾಫರನು 1430ರಲ್ಲಿ ಬರೆದ ಅದರ ಪ್ರತಿ ಇಂದು ತೆಹರಾನಿನ ಗುಲಿಸ್ತಾನ ಅರಮನೆಯಲ್ಲಿ ಇದೆ. 2007ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಜಗತ್ತಿನ ಸ್ಮರಣೆಯ ದಾಖಲೆಗಳ ಪಟ್ಟಿಗೆ ಸೇರಿಸಿತು.

ಕೆಲಸದ ಕ್ರಮ ಹೀಗೆ. ಮೊದಲು ಬರಹಗಾರ ಬರೆಯುತ್ತಾನೆ. ಚಿತ್ರ ಬರಬೇಕಾದಲ್ಲಿ ಜಾಗ ಬಿಡುತ್ತಾನೆ. ಆ ಮೇಲೆ ಚಿತ್ರಗಾರ. ಬಂಗಾರದ ಕೆಲಸದವನು ಬೇರೆ. ಅವನ ವಿದ್ಯೆಗೆ ತಜಹೀಬ್ ಎಂದು ಹೆಸರು. ಚಿನ್ನ ಎಂಬ ಅರ್ಥದ ಅರಬಿ ಮಾತಿನಿಂದಲೇ ಆ ಹೆಸರು ಬಂದಿದೆ. ಪುಟದ ಸುತ್ತ ಗೆರೆ ಎಳೆಯುವವನು ಮತ್ತೊಬ್ಬ. ಕಡೆಗೆ ಹೊಲಿದು ರಟ್ಟು ಕಟ್ಟುವವನು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹಾಳೆಗಳು ಹೋಗುತ್ತಿದ್ದವು. ಒಬ್ಬ ಕೆಡಿಸಿದರೆ ಎಲ್ಲರ ಶ್ರಮ ಹಾಳು.

ಚಿನ್ನದ ತಗಡನ್ನು ಬಡಿದು ಬಡಿದು ಉಸಿರಿಗೆ ಹಾರುವಷ್ಟು ತೆಳುವು ಮಾಡಿ, ಅಂಟಿನ ಜೊತೆ ತಾಸುಗಟ್ಟಲೆ ಅರೆದು ಪುಡಿ ಮಾಡುತ್ತಿದ್ದರು. ಅದನ್ನು ಕುಂಚದಿಂದ ಬಳಿದು ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಿದರೆ ಹೊಳಪು. ನೀಲಿಗೆ ಅಫಗಾನಿಸ್ತಾನದ ಬದಖಶಾನ್ ಗಣಿಯ ಲಾಜವರ್ದ ಕಲ್ಲಿನ ಪುಡಿ. ಕೆಂಪಿಗೆ ಇಂಗಳೀಕ. ಹಳದಿಗೆ ಹರಿದಾಳ. ಹಸಿರಿಗೆ ತಾಮ್ರದ ಕಿಲುಬು. ಈ ಕಿಲುಬು ಕಾಲಾಂತರದಲ್ಲಿ ಕಾಗದವನ್ನೇ ತಿಂದುಹಾಕುತ್ತದೆ. ಅದಕ್ಕಾಗಿ ಅದರಲ್ಲಿ ಕೇಸರಿ ಬೆರೆಸುವ ಪದ್ಧತಿ ಇರಾಣದಲ್ಲಿತ್ತು. ಬಹಳ ಸಣ್ಣ ಕೆಲಸಕ್ಕೆ ಅಳಿಲಿನ ಇಲ್ಲವೆ ಬೆಕ್ಕಿನ ಮರಿಯ ಕೂದಲಿನ ಕುಂಚ.

ಪುಸ್ತಕ ನಮ್ಮ ಎಡಗೈಗೆ ಅಲ್ಲ, ಬಲಗೈಗೆ ತೆರೆಯುತ್ತದೆ. ತೆರೆದ ಕೂಡಲೇ ಒಂದು ದುಂಡಗಿನ ಚಕ್ರ. ಅದಕ್ಕೆ ಶಮ್ಸಾ, ಅಂದರೆ ಸೂರ್ಯ, ಎನ್ನುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ ಆ ಚಕ್ರದೊಳಗೆ ಪುಸ್ತಕ ಯಾರಿಗಾಗಿ ಆಯಿತೋ ಅವರ ಹೆಸರು ಇರುತ್ತದೆ. ಮುಂದಿನ ಜೋಡಿ ಪುಟದಲ್ಲಿ ಚಿನ್ನ, ನೀಲಿ ಬಳ್ಳಿಗಳ ನಡುವೆ ಕಾವ್ಯದ ಮೊದಲ ಸಾಲುಗಳು. ನಮ್ಮ ಗುಡಿಗೆ ಹೋದಾಗ ಮೊದಲು ಮಹಾದ್ವಾರ, ಆಮೇಲೆ ಮಂಟಪ, ಆಮೇಲೆ ಗರ್ಭಗುಡಿ. ಪುಸ್ತಕದ ಒಳಗೆ ಹೋಗುವುದೂ ಹಾಗೆಯೇ.

ಚಿತ್ರಗಳಲ್ಲಿ ನೆರಳು ಇರುವುದಿಲ್ಲ. ರಾತ್ರಿಯಾದರೂ ಎಲ್ಲವೂ ಸ್ವಚ್ಛ ಕಾಣುತ್ತದೆ. ಮೇಣಬತ್ತಿಯನ್ನೋ ಚಂದ್ರನನ್ನೋ ಬರೆದರೆ ರಾತ್ರಿ ಎಂದು ತಿಳಿಯಬೇಕು. ಚಿತ್ರಗಾರರಲ್ಲಿ ಬಹು ದೊಡ್ಡ ಹೆಸರು ಹೇರಾತಿನ ಬಿಹಜಾದನದು. ಸಾದಿ ಕವಿಯ ‘ಬೂಸ್ತಾನ’ದ 1488ರ ಒಂದು ಪ್ರತಿ ಕೈರೋದಲ್ಲಿದೆ. ಬರೆದವನು ಸುಲ್ತಾನ ಅಲಿ, ಬಂಗಾರದ ಕೆಲಸ ಯಾರಿಯದು, ಚಿತ್ರ ಬಿಹಜಾದನದು. ಅದರಲ್ಲಿ ಯೂಸುಫನು ಜುಲೇಖೆಯ ಕೈಯಿಂದ ತಪ್ಪಿಸಿಕೊಂಡು ಓಡುವ ಚಿತ್ರವಿದೆ. ಮನೆಯೊಳಗೆ ಮನೆ, ಮೆಟ್ಟಿಲು, ಏಳು ಮುಚ್ಚಿದ ಬಾಗಿಲುಗಳು. ಅವನು ಹೇಗೆ ಪಾರಾದಾನು ಎಂದು ನೋಡುವವನ ಜೀವವೂ ಗಾಬರಿಯಾಗುತ್ತದೆ.

ಈಗ ಒಂದು ಸಣ್ಣ ವಿಷಯ ಹೇಳುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಈ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಪುಟದ ಅಂಕಿ ಇರುತ್ತಿರಲಿಲ್ಲ. ಹಾಳೆಗಳು ಹತ್ತು ಜನರ ಕೈ ದಾಟಿ ಬಂದ ಮೇಲೆ ಕಟ್ಟುವವನಿಗೆ ಕ್ರಮ ಹೇಗೆ ತಿಳಿಯಬೇಕು? ಅದಕ್ಕೊಂದು ಉಪಾಯವಿತ್ತು. ಹಾಳೆಯ ಹಿಂಬದಿಯ ಪುಟ ಮುಗಿಯುವಲ್ಲಿ, ಕೆಳಗಿನ ಮೂಲೆಯಲ್ಲಿ, ಮುಂದಿನ ಹಾಳೆಯ ಮೊದಲ ಶಬ್ದವನ್ನು ಸಣ್ಣಗೆ ಬರೆದಿಡುತ್ತಿದ್ದರು. ಅದಕ್ಕೆ ರಿಕಾಬೆ ಎಂದು ಹೆಸರು. ಕುದುರೆಯ ರಿಕಾಪು ಎನ್ನುತ್ತೇವಲ್ಲ, ಅದೇ ಬಳಗದ ಮಾತು. ಈ ಪುಟ ಆ ಪುಟದ ಮೇಲೆ ಕಾಲಿಟ್ಟು ಹತ್ತಬೇಕು.

ಬ್ಯಾಂಕಿನ ಖಾತೆವಹಿಯಲ್ಲಿ ನಾವು ಮಾಡುತ್ತಿದ್ದದ್ದೂ ಇದನ್ನೇ. ಪುಟದ ಬುಡದಲ್ಲಿ ಮೊತ್ತ ಬರೆದು ‘ಮುಂದಕ್ಕೆ ಒಯ್ದದ್ದು’ ಎನ್ನುತ್ತಿದ್ದೆವು. ಮುಂದಿನ ಪುಟದ ನೆತ್ತಿಗೆ ಅದೇ ಮೊತ್ತ ಬರೆದು ‘ಹಿಂದಿನಿಂದ ತಂದದ್ದು’ ಎನ್ನುತ್ತಿದ್ದೆವು. ಮರಾಠಿ ಕಾಗದದಲ್ಲಿ ‘ಪುಢೆ ಚಾಲೂ’ ಎಂದು ಬರೆಯುವುದನ್ನು ನೀವೂ ನೋಡಿದ್ದೀರಿ. ಅದರ ಅರ್ಥ ಇಷ್ಟೇ: ನಾನೊಬ್ಬನೇ ಅಲ್ಲ, ನನ್ನ ಮುಂದೆ ಇನ್ನೊಬ್ಬನಿದ್ದಾನೆ.

ಹೀಗೆ ಕಟ್ಟಿದ ಪುಸ್ತಕಗಳಲ್ಲಿ ಅತ್ಯಂತ ಭವ್ಯವಾದದ್ದು ಇರಾಣದ ಶಹಾ ತಹಮಾಸ್ಪನ ಶಾಹನಾಮೆ. 1520ರ ನಂತರದ ವರ್ಷಗಳಲ್ಲಿ ತಬ್ರೀಜ ಪಟ್ಟಣದಲ್ಲಿ ಇದರ ಕೆಲಸ ಪ್ರಾರಂಭವಾಗಿ ಬಹಳ ವರ್ಷ ನಡೆಯಿತು. 759 ಹಾಳೆ, 258 ಚಿತ್ರ. ಸುಲ್ತಾನ ಮುಹಮ್ಮದ, ಮೀರ್ ಮುಸವ್ವಿರ್, ಆಕಾ ಮೀರಕ್ ಮೊದಲಾದವರು ದುಡಿದರು. ಸುಲ್ತಾನ ಮುಹಮ್ಮದನು ಬರೆದ ಒಂದು ಚಿತ್ರದಲ್ಲಿ ಜಗತ್ತಿನ ಮೊದಲ ಅರಸ ಗಯೂಮರ್ಸನು ಗುಡ್ಡದ ತುದಿಗೆ ಕುಳಿತಿದ್ದಾನೆ. ಸುತ್ತಲೂ ಚಿರತೆಯ ತೊಗಲು ಉಟ್ಟ ಜನ, ಕಾಡುಪ್ರಾಣಿಗಳು ಜಗಳವಿಲ್ಲದೆ ನಿಂತಿವೆ. ಬಂಡೆಗಳನ್ನು ದಿಟ್ಟಿಸಿ ನೋಡಿದರೆ ಅವುಗಳೊಳಗೆ ಮುಖಗಳು ಅಡಗಿವೆ. ಈ ಚಿತ್ರದ ಮುಂದೆ ಉಳಿದ ಚಿತ್ರಗಾರರು ನಾಚಿ ತಲೆ ತಗ್ಗಿಸುತ್ತಾರೆಂದು ದೂಸ್ತ ಮುಹಮ್ಮದ ಎಂಬ ಕಲಾವಿದ 1544ರಲ್ಲೇ ಬರೆದಿಟ್ಟಿದ್ದಾನೆ.

1568ರಲ್ಲಿ ತಹಮಾಸ್ಪನು ಈ ಪುಸ್ತಕವನ್ನು ತುರ್ಕಿಯ ಸುಲ್ತಾನ ಎರಡನೆಯ ಸಲೀಮನಿಗೆ ಕಾಣಿಕೆಯಾಗಿ ಕಳಿಸಿದ. ಮೂರು ಶತಮಾನ ಅಲ್ಲಿ ಜೋಪಾನವಾಗಿತ್ತು. 1800ರ ಸುಮಾರಿಗೆ ಮೆಹಮದ್ ಆರಿಫ್ ಎಂಬ ಅರಮನೆಯ ನೌಕರನೊಬ್ಬನು ಪ್ರತಿ ಚಿತ್ರದ ಕಥೆಯನ್ನು ತುರ್ಕಿಯಲ್ಲಿ ಬರೆದು ಚಿತ್ರದ ಎದುರಿಗೆ ಇಟ್ಟ. ಪುಸ್ತಕ ಬೇರೆ ಭಾಷೆಯ ಊರಿಗೆ ಹೋಗಿತ್ತು, ಆದರೆ ಅಲ್ಲಿಯವರು ಅದನ್ನು ಓದುವ ದಾರಿ ಮಾಡಿಕೊಂಡರು. ಗಡಿಯಲ್ಲಿ ಎರಡು ಭಾಷೆಯೊಂದಿಗೆ ಬದುಕುವ ನಮಗೆ ಈ ಮನುಷ್ಯನ ಕೆಲಸದ ಬೆಲೆ ತಿಳಿಯುತ್ತದೆ.

1903ರ ಹೊತ್ತಿಗೆ ಪುಸ್ತಕ ಪ್ಯಾರಿಸ್ಸಿನ ಸಾಹುಕಾರ ರಾಥ್ಸ್‌ಚೈಲ್ಡನ ಕೈಯಲ್ಲಿತ್ತು. 1959ರಲ್ಲಿ ಅಮೇರಿಕೆಯ ಆರ್ಥರ್ ಹೋಟನ್ ಎಂಬ ಶ್ರೀಮಂತ ಕೊಂಡುಕೊಂಡ. ನಾನ್ನೂರು ವರ್ಷ ಒಂದಾಗಿದ್ದ ಪುಸ್ತಕವನ್ನು ಅವನು ಬಿಚ್ಚಿಸಿದ. 1970ರಲ್ಲಿ 78 ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. 1976ರಿಂದ ಬಿಡಿ ಹಾಳೆಗಳು ಲಂಡನ್ನಿನ ಲಿಲಾವಿನಲ್ಲಿ ಬಂದವು. ಹಾಳೆಯ ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಕಾವ್ಯ. ಚೌಕಟ್ಟು ಹಾಕಿ ತೂಗು ಹಾಕಿದರೆ ಚಿತ್ರ ಹೊರಗೆ, ಕಾವ್ಯ ಗೋಡೆಯ ಕಡೆಗೆ. ಕೆಳಗಿನ ಮೂಲೆಯ ಶಬ್ದ ಮುಂದಿನ ಹಾಳೆಯನ್ನು ಕರೆಯುತ್ತಲೇ ಇರುತ್ತದೆ. ಆ ಹಾಳೆ ಇನ್ನೊಂದು ದೇಶದಲ್ಲಿರುತ್ತದೆ.

ಹೋಟನ್ 1990ರಲ್ಲಿ ತೀರಿಹೋದ. 1994ರಲ್ಲಿ ಉಳಿದದ್ದನ್ನು ಇರಾಣ ಸರಕಾರ ಪಡೆಯಿತು. ಬದಲಿಗೆ ಡಿ ಕೂನಿಂಗ್ ಎಂಬ ಕಲಾವಿದನ ಒಂದು ಹೊಸ ಕಾಲದ ಹೆಣ್ಣಿನ ಚಿತ್ರ ಕೊಟ್ಟಿತು. ಅದಲಿ ಬದಲಿ ಆದದ್ದು ವಿಯೆನ್ನಾ ವಿಮಾನ ನಿಲ್ದಾಣದಲ್ಲಿ. ಕಾರಕೂನನ ಚಾಳಿಯಂತೆ ನಾನು ಲೆಕ್ಕ ಹಾಕಿ ನೋಡಿದೆ. ಒಟ್ಟು ಹಾಳೆ 759. ಚಿತ್ರವಿಲ್ಲದ 501 ಹಾಳೆ ತೆಹರಾನಿಗೆ ಜಮಾ. ಚಿತ್ರ 258ರಲ್ಲಿ ತೆಹರಾನಿಗೆ ಬಂದದ್ದು 118, ನ್ಯೂಯಾರ್ಕಿನಲ್ಲಿ 78. ಬಾಕಿ 62. ಅವು ಬೇರೆ ಬೇರೆ ಮ್ಯೂಸಿಯಮ್ಮು, ಖಾಸಗಿ ಮನೆಗಳಲ್ಲಿ ಚದುರಿವೆ. ಗಯೂಮರ್ಸನ ಚಿತ್ರ ಈಗ ಕೆನಡಾದ ಟೊರಾಂಟೋದಲ್ಲಿದೆ. 2011ರಲ್ಲಿ ಒಂದೇ ಒಂದು ಹಾಳೆ 74 ಲಕ್ಷ ಪೌಂಡಿಗೆ ಲಿಲಾವಾಯಿತು. ಬಿಡಿಯಾಗಿ ಮಾರಿದರೆ ಇಷ್ಟು ಬೆಲೆ ಬರುತ್ತದೆ ಎಂಬುದೇ ಪುಸ್ತಕಕ್ಕೆ ಮುಳುವಾಯಿತು. ಅದೇ 2011ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಮ್ಮು 258 ಚಿತ್ರಗಳನ್ನೂ ಕ್ರಮವಾಗಿ ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿತು. ಹಾಳೆಗಳು ಕೂಡಲಿಲ್ಲ, ಅವುಗಳ ನೆರಳಾದರೂ ಒಂದು ಕಡೆ ಕೂಡಿದವು.

ಇದೇ ಮೊದಲ ಸಲವಲ್ಲ. 1330ರ ದಶಕದಲ್ಲಿ ಆದ ಇನ್ನೊಂದು ದೊಡ್ಡ ಶಾಹನಾಮೆಯನ್ನು 1910ರ ಸುಮಾರಿಗೆ ಪ್ಯಾರಿಸ್ಸಿನ ದೆಮೋತ್ ಎಂಬ ವ್ಯಾಪಾರಿ ಬಿಚ್ಚಿದ. ಎರಡೂ ಬದಿಗೆ ಚಿತ್ರವಿದ್ದ ಹಾಳೆಯನ್ನು ದಪ್ಪದಲ್ಲಿ ಸೀಳಿ ಎರಡು ಮಾಡಿಸಿದ. ಅದರ ಪೂರ್ಣ ರೂಪ ಹೇಗಿತ್ತೆಂದು ವಿದ್ವಾಂಸರು ಇಂದಿಗೂ ಊಹಿಸುತ್ತಿದ್ದಾರೆ.

ಇದನ್ನೆಲ್ಲ ಓದಿ ನಾನು ಆ ಶ್ರೀಮಂತನನ್ನೂ ಆ ವ್ಯಾಪಾರಿಯನ್ನೂ ಬೈದೆ. ಬೈದಾದ ಮೇಲೆ ನನ್ನ ಮನೆಯ ಒಂದು ಸಂಗತಿ ನೆನಪಿಗೆ ಬಂದು ಸುಮ್ಮನಾದೆ. ಅದನ್ನು ನಿಮಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ.

ನಮ್ಮ ಅಜ್ಜ ನಾಟಿವೈದ್ಯರು. ಅವರ ಕೈಯ ಒಂದು ಔಷಧದ ವಹಿ ಇತ್ತು. ಕನ್ನಡದಲ್ಲಿ ಬರೆದದ್ದು, ನಡುನಡುವೆ ಮೋಡಿ ಅಕ್ಷರ. ಬಂಗಾರ ಇರಲಿಲ್ಲ, ಬಣ್ಣ ಇರಲಿಲ್ಲ. ರೋಗದ ಹೆಸರಿಗೆ ಮಾತ್ರ ಕೆಂಪು ಶಾಯಿ. 1972ರ ಬರದ ವರ್ಷ ನಮ್ಮ ಅಪ್ಪ, ದೊಡ್ಡಪ್ಪ, ಕಾಕಾ ಮೂವರೂ ಬೇರೆಯಾದರು. ಹೊಲ, ಎತ್ತು, ತಾಮ್ರದ ಹಂಡೆ ಎಲ್ಲ ಪಾಲಾದವು. ವಹಿ ಯಾರಿಗೆ ಎಂಬ ಮಾತು ಬಂತು. ಒಬ್ಬರಿಗೆ ಕೊಟ್ಟರೆ ಇಬ್ಬರಿಗೆ ಅಸಮಾಧಾನ. ಹಿರಿಯರು ನ್ಯಾಯ ಹೇಳಿದರು: ಅದನ್ನೂ ಮೂರು ಪಾಲು ಮಾಡಿರಿ. ದೊಡ್ಡಪ್ಪ ನನ್ನನ್ನು ಕರೆದು, “ತಮ್ಮಾ, ನೀ ಲೆಕ್ಕದಾಗ ಶ್ಯಾಣ್ಯಾ ಇದ್ದಿ, ಎಣಿಸಿ ಸಮ ಮಾಡು” ಎಂದರು. ನನಗೆ ಆಗ ಹನ್ನೆರಡು ವರ್ಷ. ದಾರ ಕೊಯ್ದು, ಹಾಳೆ ಎಣಿಸಿ, ಒಂದೂ ಹೆಚ್ಚು ಕಡಿಮೆ ಆಗದಂತೆ ಮೂರು ಭಾಗ ಮಾಡಿಕೊಟ್ಟೆ. ಎಲ್ಲರೂ ಶಹಬ್ಬಾಸ್ ಎಂದರು.

ನಮ್ಮ ಪಾಲಿನ ಕೊನೆಯ ಹಾಳೆ ಮಕ್ಕಳ ಕೆಮ್ಮಿನ ಔಷಧದ ನಡುವಿನಲ್ಲಿ ನಿಲ್ಲುತ್ತದೆ. ಸಾಮಾನಿನ ಹೆಸರುಗಳು ನಮ್ಮಲ್ಲಿ, ಪ್ರಮಾಣ ಕಾಕಾನ ಪಾಲಿನಲ್ಲಿ. ಪ್ರಮಾಣವಿಲ್ಲದ ಔಷಧವನ್ನು ಯಾರು ಕೊಟ್ಟಾರು? ಮೂರು ಮನೆಯಲ್ಲೂ ಯಾರಿಗೂ ಅದು ಉಪಯೋಗ ಬೀಳಲಿಲ್ಲ. ದೊಡ್ಡಪ್ಪನ ಪಾಲು ಗೆದ್ದಲಿಗೆ ಹೋಯಿತು. ಹೋದ ವರ್ಷ ನಾನು ಜತ್ತಿಗೆ ಕಾಕಾನ ಮಗನ ಮನೆಗೆ ಹೋಗಿ ನಮ್ಮ ಹಾಳೆಗಳನ್ನು ಮುಂದಿಟ್ಟೆ. ಅವನು ದೇವರ ಜಗುಲಿಯ ಹಿಂದಿನಿಂದ ಅವರ ಕಟ್ಟನ್ನು ತಂದ. ಮೊದಲ ಹಾಳೆ ನಮ್ಮ ಕೊನೆಯ ಹಾಳೆಗೆ ಸರಿಯಾಗಿ ಕೂಡಿತು. ನಾವಿಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ. ಮೊಮ್ಮಗಳು ಎಲ್ಲದರ ಫೋಟೋ ತೆಗೆದು ಕ್ರಮ ಹಚ್ಚಿಕೊಟ್ಟಳು. ಈಗ ಎರಡು ಪಾಲು ಕೂಡಿವೆ, ಒಂದು ಪಾಲು ಇಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ನಮ್ಮ ಗಡಿಯ ಹಳ್ಳಿಗಳ ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ ಹಳೆಯ ಬರಹಗಳು ಇನ್ನೂ ಇವೆ. ಕನ್ನಡದ್ದು, ಮೋಡಿಯದು, ಪಾರಸಿ ಮೊಹರಿನದು. ಓದಲು ಬರದಿದ್ದರೂ ಕಟ್ಟು ಬಿಚ್ಚಬೇಡಿರಿ. ಚೆಂದ ಕಂಡ ಹಾಳೆಯನ್ನು ಕಿತ್ತು ಚೌಕಟ್ಟು ಹಾಕಿಸಬೇಡಿರಿ. ಬಿಡಿ ಹಾಳೆ ಕೇಳಿಕೊಂಡು ಬರುವ ವ್ಯಾಪಾರಿಗೆ ಕೊಡಬೇಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಾಯಿಸಬೇಡಿರಿ. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಹಸಿ ಇಲ್ಲದ ಜಾಗದಲ್ಲಿಟ್ಟು, ಆಗಾಗ ತೆಗೆದು ನೋಡಿರಿ. ಹಾಳೆಯ ಮೂಲೆಗೆ ಪೆನ್ಸಿಲ್ಲಿನಿಂದ ಮೆಲ್ಲನೆ ಅಂಕಿ ಹಾಕಿರಿ. ಪಾಲು ಮಾಡಲೇಬೇಕಾದರೆ ಫೋಟೋ ಪ್ರತಿ ಮಾಡಿ ಹಂಚಿಕೊಳ್ಳಿರಿ, ಮೂಲ ಒಂದೇ ಮನೆಯಲ್ಲಿ ಇರಲಿ.

ವಿಜಾಪುರದ ಆಸಾರ ಮಹಲಿನ ಪುಸ್ತಕಗಳು 1853ರಲ್ಲಿ ಲಂಡನ್ನಿಗೆ ಹೋದವು. ನಮ್ಮ ಕೈಯಲ್ಲಿ ಇದ್ದದ್ದು ಹಾಗೆಯೂ ಹೋಗುತ್ತದೆ, ಗೆದ್ದಲಿಗೂ ಹೋಗುತ್ತದೆ, ಪಾಲಿಗೂ ಹೋಗುತ್ತದೆ. ಈ ಸಂಜೆ ಮನೆಯ ಹಳೆಯ ಪೆಟ್ಟಿಗೆ ತೆಗೆದು, ಒಂದು ಹಾಳೆಯ ಬುಡದಲ್ಲಿ ಏನಿದೆ ನೋಡಿರಿ. ಮುಂದಿನ ಹಾಳೆ ಯಾರ ಮನೆಯಲ್ಲಿದೆ ಎಂದು ವಿಚಾರಿಸಿರಿ.